ಎಡಿಎಚ್‌ಡಿ ಥೆರಪಿ, ಪೇರೆಂಟ್ ಕೋಚಿಂಗ್, ಖರ್ಚು-ವೆಚ್ಚ: ಕೊಡಗಿನ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋಣಿಕೊಪ್ಪ ಹತ್ತಿರ ನಮ್ಮದೊಂದು ಚಿಕ್ಕ ಕಾಫಿ ತೋಟ. ಮಗನಿಗೆ ಈಗ 12 ವರ್ಷ. ಅವನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ, ಇದೆ ಅಂತ ಗೊತ್ತಾದಾಗ 7 ವರ್ಷ. ಅಲ್ಲಿಂದ ಈಚೆಗೆ ಸಂತೆಯಲ್ಲಿ, ಮದುವೆ ಮನೆಯಲ್ಲಿ, ಶಾಲೆ ಗೇಟಿನ ಹತ್ತಿರ ಜನ ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ. ಕೇಳುವಾಗ ಎಲ್ಲರದ್ದೂ ದನಿ ತಗ್ಗುತ್ತದೆ. ಆ ಪ್ರಶ್ನೆಗಳಿಗೇ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಗುವಿಗೆ ಏನಾಗಿದೆ ಅಂತ ಹೇಳುವುದು, ಮಾತ್ರೆ ಕೊಡುವುದು ಅವರ ಕೆಲಸ. ದಾರಿ, ದುಡ್ಡು, ಮನೆಯೊಳಗಿನ ಪಾಡು, ಇಷ್ಟು ನನಗೆ ಗೊತ್ತು.

ಮಕ್ಕಳು ಅಂದ ಮೇಲೆ ತುಂಟತನ ಇದ್ದೇ ಇರುತ್ತೆ. ಇದು ಎಡಿಎಚ್‌ಡಿ ಅಂತ ಹೇಗೆ ಹೇಳ್ತಾರೆ?

ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ, ಸ್ಕ್ಯಾನ್‌ನಲ್ಲೂ ಕಾಣಿಸುವುದಿಲ್ಲ. ತಿಳಿದವರು ಕೂತು ಕೇಳಿ, ನೋಡಿ, ಶಾಲೆಯವರ ಹತ್ತಿರ ವಿಚಾರಿಸಿ ಹೇಳಬೇಕು. ಅವರು ನೋಡುವುದು ಮುಖ್ಯವಾಗಿ ಎರಡು ಗುಂಪಿನ ಲಕ್ಷಣ. ಒಂದು, ಗಮನ ನಿಲ್ಲದಿರುವುದು: ಅರ್ಧಕ್ಕೆ ಬಿಡುವುದು, ಕಳೆದುಕೊಳ್ಳುವುದು, ಮರೆಯುವುದು. ಇನ್ನೊಂದು, ಕೂತಲ್ಲಿ ಕೂರಲಾಗದಿರುವುದು, ಯೋಚಿಸುವ ಮೊದಲೇ ಮಾಡಿಬಿಡುವುದು. ಒಂದು ಗುಂಪಿನಲ್ಲಿ ಕನಿಷ್ಠ 6 ಲಕ್ಷಣ, 6 ತಿಂಗಳಿಂದ ಇರಬೇಕು. 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಿಸಬೇಕು. ಅದರಿಂದ ಓದಿಗೋ ಗೆಳೆತನಕ್ಕೋ ನಿಜವಾಗಿ ತೊಂದರೆ ಆಗುತ್ತಿರಬೇಕು.

ಎರಡು ಕಡೆ ಅನ್ನುವುದನ್ನು ಮರೆಯಬೇಡಿ. ಗಣಿತದ ಪೀರಿಯಡ್‌ನಲ್ಲಿ ಮಾತ್ರ ಗಲಾಟೆ ಮಾಡುವ ಹುಡುಗನಿಗೆ ಗಣಿತದ ಕಷ್ಟ ಇರಬಹುದು ಅಥವಾ ಮೇಷ್ಟರ ಕಷ್ಟ ಇರಬಹುದು! ಕಿವಿ ಸರಿಯಾಗಿ ಕೇಳದಿದ್ದರೆ, ರಾತ್ರಿ ನಿದ್ದೆ ಆಗದಿದ್ದರೆ, ಮನೆಯಲ್ಲಿ ಜಗಳ ಇದ್ದರೆ ಕೂಡ ಮಗು ಹೀಗೇ ಆಡುತ್ತದೆ. ಹತ್ತು ನಿಮಿಷ ನೋಡಿ ಚೀಟಿ ಬರೆದುಕೊಟ್ಟರೆ ಅದನ್ನು ಪೂರ್ತಿ ನಂಬಬೇಡಿ.

ನಮ್ಮ ಮಗಳು ಸುಮ್ನೆ ಕೂತಿರ್ತಾಳೆ. ಅವಳಿಗೂ ಇರಬಹುದಾ?

ಇರಬಹುದು. ಕಿಟಕಿ ಆಚೆ ನೋಡುತ್ತಾ ಕೂರುವ ಹುಡುಗಿಯಿಂದ ಯಾರಿಗೂ ತೊಂದರೆ ಇಲ್ಲ, ಅದಕ್ಕೇ ಯಾರೂ ಗಮನಿಸುವುದಿಲ್ಲ. ‘ಸ್ವಲ್ಪ ಮಂದ’ ಅಂದುಬಿಡುತ್ತಾರೆ. ಹೆಣ್ಣುಮಕ್ಕಳಲ್ಲಿ ಇದು ಪತ್ತೆಯಾಗುವುದು ತಡ.

ನಾವು ಬೆಳೆಸಿದ್ದು ಸರಿಯಿಲ್ವಾ? ಮೊಬೈಲ್ ಕೊಟ್ಟಿದ್ದಕ್ಕೆ ಹೀಗಾಯ್ತಾ? ಸಿಹಿ ಜಾಸ್ತಿ ತಿಂದಿದ್ದಕ್ಕಾ?

ಮೂರೂ ಅಲ್ಲ. ಇದು ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಮನೆತನದಲ್ಲಿ ಹರಿದು ಬರುತ್ತದೆ. ಅವಳಿ ಮಕ್ಕಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಸುಮಾರು 74 ಪರ್ಸೆಂಟ್ ಪಾಲು ವಂಶದ್ದು ಅಂತ ಕಂಡಿದೆ. ಸಕ್ಕರೆ ತಿಂದರೆ ಮಕ್ಕಳ ನಡವಳಿಕೆ ಕೆಡುತ್ತದೆ ಅನ್ನುವುದನ್ನು 1995ರಲ್ಲೇ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದರು, ಆ ಮಾತು ನಿಜ ಅಂತ ಕಾಣಲಿಲ್ಲ. ಮೊಬೈಲಿನಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮರುದಿನ ಎಲ್ಲವೂ ಜಾಸ್ತಿಯಾಗುತ್ತದೆ. ಅದಕ್ಕಾಗಿ ಮೊಬೈಲ್ ಕಡಿಮೆ ಮಾಡಿ, ಅಪರಾಧಿ ಭಾವದಿಂದ ಅಲ್ಲ.

ಕೊಡಗಿನಲ್ಲಿ ಮೊದಲು ಎಲ್ಲಿಗೆ ಹೋಗೋದು?

ಎದ್ದು ಬೆಂಗಳೂರು ಬಸ್ ಹತ್ತಬೇಡಿ. ಮಡಿಕೇರಿಯಿಂದ 250 ಕಿಲೋಮೀಟರ್ ಮೇಲಿದೆ, ನಮಗೆ ರೈಲೂ ಇಲ್ಲ. ವಾಂತಿ ಮಾಡಿಕೊಂಡು, ನಿದ್ದೆಗೆಟ್ಟು ಬಂದ ಮಗುವನ್ನು ಪರೀಕ್ಷೆ ಮಾಡಿದರೆ ಯಾರಿಗೆ ಏನು ತಿಳಿಯುತ್ತದೆ?

ಮೊದಲು ಫೋನ್. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್, ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು. ಉಚಿತ, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆ ಹೆಸರು ಫೋನಲ್ಲಿ ಹೇಳುವುದಿಲ್ಲ, ಆದರೆ ಮುಂದೆ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ.

ಆಮೇಲೆ ಮಡಿಕೇರಿ. ಅಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇದೆ, ಅಲ್ಲಿನ ಮಕ್ಕಳ ವಿಭಾಗ ಮತ್ತು ಮನೋವೈದ್ಯ ವಿಭಾಗದಲ್ಲಿ ಕೇಳಿ. ತಾಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ದಿನ ಇರುತ್ತದೆ. ಯಾವತ್ತು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ಮಗು ಅಂಗನವಾಡಿಯಲ್ಲೋ ಸರ್ಕಾರಿ ಶಾಲೆಯಲ್ಲೋ ಇದ್ದರೆ ಇನ್ನೂ ಒಂದು ದಾರಿ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. ಅವರು ನೋಡುವ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಹಲ್ಲು, ಕಣ್ಣು ನೋಡಿ ಹೋಗಿಬಿಡುತ್ತಾರೆ ಅಂದುಕೊಂಡು ಬಿಡಬೇಡಿ. ಟೀಚರಿಗೆ ಮೊದಲೇ ಹೇಳಿಡಿ.

ಮಾತು ತಡ, ಓದು-ಬರಹದ ಕಷ್ಟವೂ ಜೊತೆಗಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಹತ್ತಿರ. ಪ್ರಕರಣ ಜಟಿಲವಾಗಿದ್ದರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ. ಅಲ್ಲಿಗೆ ಹೋಗುವುದಾದರೆ ಶಾಲೆಯ ಡೈರಿ, ಹಳೆ ನೋಟ್‌ಬುಕ್, ಟೀಚರ್ ಬರೆದುಕೊಟ್ಟ ಪತ್ರ ತೆಗೆದುಕೊಂಡು ಹೋಗಿ. ಎರಡನೇ ಸಲ ಓಡುವುದು ತಪ್ಪುತ್ತದೆ.

ಥೆರಪಿ ಅಂದ್ರೆ ಮಗುವನ್ನು ಒಳಗೆ ಕೂರಿಸಿ ಏನು ಮಾಡ್ತಾರೆ?

ನಾನೂ ಹಾಗೇ ತಿಳಿದಿದ್ದೆ. ಮಗನನ್ನು ಒಳಗೆ ಬಿಡುವುದು, ನಾನು ಹೊರಗೆ ಕೂತು ಪೇಪರ್ ಓದುವುದು, ವಾರ ವಾರ ಸ್ವಲ್ಪ ರಿಪೇರಿಯಾಗಿ ಬರುತ್ತಾನೆ ಅಂತ. ಅದು ಹಾಗಲ್ಲ. ಎಡಿಎಚ್‌ಡಿ ಇರುವ ಚಿಕ್ಕ ಮಗುವಿಗೆ ಏನು ಮಾಡಬೇಕು ಅಂತ ಗೊತ್ತಿರುತ್ತದೆ, ಮಾಡಬೇಕಾದ ಹೊತ್ತಿಗೆ ಅದು ಕೈಗೆ ಸಿಗುವುದಿಲ್ಲ. ಮೈಸೂರಿನ ಎಸಿ ಕೋಣೆಯಲ್ಲಿ ಕಲಿತದ್ದು ನಮ್ಮ ಅಡುಗೆಮನೆ ಬಾಗಿಲಲ್ಲಿ ನೆನಪಾಗಬೇಕಲ್ಲ? ಅದಕ್ಕೆ ಆ ಬಾಗಿಲಲ್ಲಿ ನಿಂತಿರುವವರಿಗೆ ಕಲಿಸುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆಯೇ ತಂದೆ-ತಾಯಿಗೆ ತರಬೇತಿ. ಮಾತ್ರೆ ಆಮೇಲೆ. 6 ದಾಟಿದವರಿಗೆ ಎರಡೂ ಸೇರಿ.

ನನ್ನ ಮಾತು ಕೇಳುವುದಾದರೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಅದನ್ನು ಮೊದಲು ಅಪ್ಪ-ಅಮ್ಮ ಕಲಿಯುವುದಕ್ಕೆ ಹಾಕಿ.

ಪೇರೆಂಟ್ ಕೋಚಿಂಗ್‌ನಲ್ಲಿ ಏನು ಹೇಳಿಕೊಡ್ತಾರೆ? ನಮಗೆ ಮಗು ಸಾಕೋಕೆ ಬರಲ್ವಾ?

ಈ ಎರಡನೇ ಪ್ರಶ್ನೆಯನ್ನು ನನ್ನ ಗಂಡನೂ ಕೇಳಿದ್ದರು. ಸಾಕುವುದಕ್ಕೆ ಬರುತ್ತದೆ. ಈ ಮಗುವಿಗೆ ಬೇರೆ ಥರ ಬೇಕು, ಅಷ್ಟೇ.

ಸಾಮಾನ್ಯವಾಗಿ 8ರಿಂದ 12 ವಾರ, ವಾರಕ್ಕೊಮ್ಮೆ ಒಂದು ಗಂಟೆ. ಪ್ರತಿ ವಾರ ಒಂದು ಹೊಸ ವಿಷಯ, ಮನೆಯಲ್ಲಿ ಮಾಡಿ ನೋಡುವುದು, ಮುಂದಿನ ವಾರ ಏನಾಯಿತು ಅಂತ ಹೇಳುವುದು. ನಮಗೆ ಹೋಂವರ್ಕ್!

ಎರಡನೇ ವಾರ ಥೆರಪಿಸ್ಟ್ ಮೇಡಂ ಕೇಳಿದರು, “ಮಗ ಶಾಲೆಯಿಂದ ಬಂದ ತಕ್ಷಣ ಏನು ಹೇಳ್ತೀರಿ? ಹಾಗೇ ಹೇಳಿ ನೋಡೋಣ.” ನಾನು ಹೇಳಿದೆ: “ಶೂ ಹೊರಗೆ ಬಿಡು, ಕಾಲಲ್ಲಿ ಜಿಗಣೆ ಇದೆಯಾ ನೋಡ್ಕೋ, ಯೂನಿಫಾರ್ಮ್ ಬಿಚ್ಚು, ಟಿಫಿನ್ ಬಾಕ್ಸ್ ಸಿಂಕಿಗೆ ಹಾಕು, ಡೈರಿ ಎಲ್ಲಿ?” ಅವರು ಬೆರಳು ಮಡಚಿ ಎಣಿಸಿ ಕೈ ತೋರಿಸಿದರು. ಐದು. ಒಂದೇ ಉಸಿರಿಗೆ ಐದು. ಅವನ ತಲೆಗೆ ಹೋಗಿದ್ದು ಜಿಗಣೆಯ ಮಾತು ಒಂದೇ. ಅವನು ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ಜಿಗಣೆ ಹುಡುಕುತ್ತಿದ್ದ, ನಾನು ಒಳಗಿನಿಂದ ಕಿರುಚುತ್ತಿದ್ದೆ. ದಿನಾ ಅದೇ ನಾಟಕ.

ಅವತ್ತಿಂದ ನಿಯಮ ಹೀಗೆ: ಒಳಗಿನಿಂದ ಕೂಗುವಂತಿಲ್ಲ. ಹತ್ತಿರ ಹೋಗಿ, ಹೆಗಲು ಮುಟ್ಟಿ, ಮುಖ ನೋಡಿ ಒಂದು ಮಾತು. ಅದು ಮುಗಿದ ಮೇಲೆ ಎರಡನೆಯದು. ಮುಗಿಸಿದ ಕೂಡಲೇ ಹೊಗಳಿಕೆ, ಅದೂ ‘ಜಾಣ’ ಅಂತಲ್ಲ, ‘ಹೇಳಿದ ತಕ್ಷಣ ಶೂ ಹೊರಗೆ ಬಿಟ್ಟೆ, ಖುಷಿಯಾಯ್ತು’ ಅಂತ. ಏನು ಮಾಡಿದ್ದಕ್ಕೆ ಹೊಗಳಿದರು ಅಂತ ಅವನಿಗೆ ಗೊತ್ತಾಗಬೇಕು. ಮೊದಲ ವಾರ ಇದೆಲ್ಲ ನಾಟಕದ ಮಾತಿನ ಥರ ಬಾಯಿಗೆ ಬರುತ್ತದೆ. ಬರಲಿ ಬಿಡಿ.

ಇನ್ನೊಂದು, ಟೋಕನ್. ಒಂದೊಂದು ಕೆಲಸ ಮುಗಿಸಿದರೆ ಒಂದೊಂದು ಟೋಕನ್, 10 ಆದರೆ ಅರ್ಧ ಗಂಟೆ ಸೈಕಲ್. ನಾನು ಬುದ್ಧಿವಂತೆ ಅಂದುಕೊಂಡು ಟೋಕನ್‌ಗೆ ಕಾಫಿ ಬೀಜ ಇಟ್ಟೆ. ಮೂರನೇ ದಿನಕ್ಕೆ ಗ್ಲಾಸ್ ತುಂಬಿತ್ತು. ಹಿಂದೆ ಕಣದ ಹತ್ತಿರ ಪಾರ್ಚ್‌ಮೆಂಟ್ ಕಾಫಿ ಬೀಜದ ಮೂಟೆ ಇತ್ತಲ್ಲ! ಆಮೇಲೆ ಗೋಲಿಗೆ ಬದಲಾಯಿಸಿದೆ, ಬಾಟಲಿ ನನ್ನ ಅಲ್ಮೇರಾದಲ್ಲಿ. ಮೇಡಂ ನಕ್ಕು, ಬಹುಮಾನ ಬೇಕು ಅಂತ ಅವನಿಗೆ ಅನಿಸಿದೆ, ಅದೇ ಒಳ್ಳೆ ಸುದ್ದಿ ಅಂದರು. ಈ ಮಕ್ಕಳಿಗೆ ತಿಂಗಳ ಕೊನೆಗೆ ಸಿಗುವ ಬಹುಮಾನ ಕಾಣಿಸುವುದೇ ಇಲ್ಲ. ಇವತ್ತು, ಈಗ ಸಿಗಬೇಕು.

ಹೊಡೆಯುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೊಡೆದರೆ ಆ ಹೊತ್ತಿಗೆ ನಿಲ್ಲುತ್ತದೆ, ಅದಕ್ಕೇ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಮರುದಿನ ಅದೇ ತಪ್ಪು. ನಾನೂ ಹೊಡೆದಿದ್ದೇನೆ, ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ.

ಮಾತ್ರೆ ಬೇಕೇ ಬೇಕಾ? ಚಟ ಹಿಡಿಯಲ್ವಾ?

ಎಲ್ಲರಿಗೂ ಬೇಕು ಅಂತಿಲ್ಲ. ಬೇಕಾದವರಿಗೆ ದೊಡ್ಡ ಸಹಾಯ. 1999ರಲ್ಲಿ ಅಮೆರಿಕದಲ್ಲಿ 579 ಮಕ್ಕಳನ್ನು 14 ತಿಂಗಳು ನೋಡಿದ ಅಧ್ಯಯನ ಇದೆ. ಚಂಚಲತೆ, ಗಮನದ ತೊಂದರೆಗೆ ಮಾತ್ರೆ ಬರೀ ನಡವಳಿಕೆ ಚಿಕಿತ್ಸೆಗಿಂತ ಚೆನ್ನಾಗಿ ಕೆಲಸ ಮಾಡಿತು. ಎರಡೂ ಸೇರಿದ ಮಕ್ಕಳಿಗೆ ಕಡಿಮೆ ಪ್ರಮಾಣದ ಮಾತ್ರೆ ಸಾಕಾಯಿತು.

ಇಲ್ಲಿ ಜಾಸ್ತಿ ಬರೆಯುವುದು ಮಿಥೈಲ್‌ಫೆನಿಡೇಟ್ ಮತ್ತು ಅಟೊಮೊಕ್ಸೆಟಿನ್. ಮೊದಲನೆಯದು ತಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಸಂಜೆಗೆ ಇಳಿಯುತ್ತದೆ. ಎರಡನೆಯದಕ್ಕೆ ಕೆಲವು ವಾರ ಕಾಯಬೇಕು. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಇರುತ್ತದೆ. ಅದಕ್ಕೆ ಡಾಕ್ಟರ್ ಆಗಾಗ ತೂಕ, ಎತ್ತರ, ಬಿಪಿ, ನಾಡಿ ನೋಡುತ್ತಾರೆ. ನಮ್ಮವನಿಗೆ ಮಧ್ಯಾಹ್ನ ಊಟ ಸೇರುತ್ತಿರಲಿಲ್ಲ. ಬೆಳಿಗ್ಗೆ ಮಾತ್ರೆಗೆ ಮೊದಲೇ ಹೊಟ್ಟೆ ತುಂಬಾ ಅಕ್ಕಿ ರೊಟ್ಟಿ ತಿನ್ನಿಸುವುದು ರೂಢಿಯಾಯಿತು. ಡಾಕ್ಟರ್ ಹೇಳಿದ ಹಾಗೆ, ಹೇಳಿದಷ್ಟೇ ಕೊಟ್ಟರೆ ಚಟ ಹಿಡಿಯುವ ಭಯ ಬೇಡ.

ಮಿಥೈಲ್‌ಫೆನಿಡೇಟ್ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಕಾನೂನಿನ ಹಿಡಿತ ಇರುವ ಔಷಧಿ, ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಎಲ್ಲಿ ಸಿಗುತ್ತದೆ ಅಂತ ಡಾಕ್ಟರನ್ನೇ ಕೇಳಿಕೊಂಡು ಬನ್ನಿ. ಜೂನ್ ಬರುವ ಮೊದಲು ಮಾತ್ರೆ ಎಷ್ಟಿದೆ ಎಣಿಸಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದು ಯಾರಿಗೆ ಮರೆತಿದೆ?

ಥೆರಪಿ ಆನ್‌ಲೈನ್ ಆಗುತ್ತಾ? ಮಳೆಗಾಲದಲ್ಲಿ ನಮಗೆ ಕರೆಂಟೇ ಇರಲ್ಲ.

ಪೇರೆಂಟ್ ಕೋಚಿಂಗ್ ಆನ್‌ಲೈನ್ ಚೆನ್ನಾಗಿ ಆಗುತ್ತದೆ, ಮಾತಾಡಬೇಕಾದವರು ನಾವೇ ಅಲ್ವಾ. 7 ವರ್ಷದ ಮಗುವನ್ನು ವಿಡಿಯೋ ಮುಂದೆ ಒಂದು ಗಂಟೆ ಕೂರಿಸುವುದು ವ್ಯರ್ಥ. ನಾವು ಮೊದಲ ಪರೀಕ್ಷೆಗೆ ಮತ್ತು 3 ಸೆಷನ್‌ಗೆ ಮೈಸೂರಿಗೆ ಹೋದೆವು, ಉಳಿದದ್ದು ಫೋನಲ್ಲಿ. ಜುಲೈಯಲ್ಲಿ ನೆಟ್‌ವರ್ಕ್ ಹೋದಾಗ ಬರೀ ಕರೆ ಮಾಡಿ ಮಾತಾಡಿದ್ದೂ ಇದೆ. ಸಾಧ್ಯವಾದರೆ ಮಾರ್ಚ್-ಏಪ್ರಿಲ್‌ನಲ್ಲಿ ಶುರು ಮಾಡಿ. ಆಗ ಕಾಫಿ ಕೊಯ್ಲು ಮುಗಿದಿರುತ್ತದೆ, ಮಳೆ ಬಂದಿರುವುದಿಲ್ಲ, ಮನೆಯವರ ತಲೆಯೂ ಸ್ವಲ್ಪ ತಣ್ಣಗಿರುತ್ತದೆ.

ಒಟ್ಟು ಎಷ್ಟು ಖರ್ಚಾಗುತ್ತೆ?

ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿಯ ಖರ್ಚು ತೀರಾ ಕಡಿಮೆ. ನಿಮ್ಹಾನ್ಸ್‌ನಲ್ಲಿ ಬಿಪಿಎಲ್ ಕಾರ್ಡ್‌ಗೆ ರಿಯಾಯಿತಿ ಇದೆ. ಕಾರ್ಡ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಖಾಸಗಿಯಲ್ಲಿ ಊರಿಗೊಂದು ರೇಟು. ನಮ್ಮದು ಹೇಳುತ್ತೇನೆ, 5 ವರ್ಷದ ಹಿಂದಿನ ಮಾತು: ಪರೀಕ್ಷೆಗೆ 3,500 ರೂಪಾಯಿ, ಸೆಷನ್‌ಗೆ 1,000ದಂತೆ 12 ಸೆಷನ್. ಡಾಕ್ಟರ್ ಫೀಸ್, ಮಾತ್ರೆ, ಓಡಾಟ ಸೇರಿ ಮೊದಲ ವರ್ಷ ಹತ್ತಿರ ಹತ್ತಿರ 30,000. ಎರಡನೇ ವರ್ಷ ಅದರ ಅರ್ಧವೂ ಆಗಲಿಲ್ಲ.

ಇದರಲ್ಲಿ ಸೇರಿಸದ ಲೆಕ್ಕ ಒಂದಿದೆ. ಶುರುವಿನಲ್ಲಿ ಒಂದು ಕಡೆ ತಲೆಗೆ ವೈರ್ ಹಚ್ಚಿ ಕಂಪ್ಯೂಟರ್ ಆಟ ಆಡಿಸುವ ‘40 ಸೆಷನ್ ಪ್ಯಾಕೇಜ್’ಗೆ 18,000 ಮುಂಗಡ ಕೊಟ್ಟು ಬಂದಿದ್ದೆವು. ಮೂರು ಸಲ ಹೋದೆವು. ಅಪ್ಪ-ಅಮ್ಮನ ಹತ್ತಿರ ಯಾರೂ ಒಂದು ಮಾತು ಕೇಳಲಿಲ್ಲ. ದುಡ್ಡು ವಾಪಸ್ ಬರಲಿಲ್ಲ. ಆ ಥರದ ಮೆದುಳು ತರಬೇತಿಗೆ ಗಟ್ಟಿ ಪುರಾವೆ ಇಲ್ಲ ಅಂತ ಆಮೇಲೆ ತಿಳಿಯಿತು.

ನಮ್ಮಂಥ ತೋಟದವರಿಗೆ ದುಡ್ಡು ಬರುವುದು ಕಾಫಿ, ಮೆಣಸು ಮಾರಿದಾಗ. ಜೂನ್‌ನಲ್ಲಿ ಶಾಲೆ ಫೀಸ್. ಇದನ್ನು ಥೆರಪಿಸ್ಟ್‌ಗೆ ನೇರವಾಗಿ ಹೇಳಿ. ಎರಡು ವಾರಕ್ಕೊಮ್ಮೆ ಮಾಡಬಹುದಾ, ನಾಲ್ಕೈದು ಮನೆಯವರು ಸೇರಿ ಗುಂಪಿನಲ್ಲಿ ಕಲಿಯಬಹುದಾ ಅಂತ ಕೇಳಿ. ಗುಂಪಿನಲ್ಲಿ ಕಲಿಸುವುದೂ ಒಪ್ಪಿದ ಪದ್ಧತಿಯೇ.

ಇನ್ಶೂರೆನ್ಸ್‌ನಲ್ಲಿ ಬರುತ್ತಾ?

ಕಾನೂನು ಒಂದು ಹೇಳುತ್ತದೆ, ಪಾಲಿಸಿ ಇನ್ನೊಂದು ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಕೊಡುವ ಹಾಗೇ ಮಾನಸಿಕ ತೊಂದರೆಗೂ ವಿಮೆ ಕೊಡಬೇಕು. ಆದರೆ ನಮ್ಮಲ್ಲಿನ ಹೆಚ್ಚಿನ ಪಾಲಿಸಿಗಳು ದುಡ್ಡು ಕೊಡುವುದು ಆಸ್ಪತ್ರೆಯಲ್ಲಿ ಅಡ್ಮಿಟ್ ಆದಾಗ. ಎಡಿಎಚ್‌ಡಿಗೆ ಯಾರು ಅಡ್ಮಿಟ್ ಮಾಡುತ್ತಾರೆ? ಥೆರಪಿ, ಮಾತ್ರೆ, ಡಾಕ್ಟರ್ ಫೀಸ್ ಎಲ್ಲ ಹೊರರೋಗಿ ಲೆಕ್ಕ. ನಿಮ್ಮ ಪಾಲಿಸಿ ಕಾಗದದಲ್ಲಿ ‘ಒಪಿಡಿ’ ಅನ್ನುವ ಪದ ಹುಡುಕಿ. ಇದ್ದರೆ ಮಿತಿ ಎಷ್ಟು, ಸೈಕಾಲಜಿಸ್ಟ್ ಬಿಲ್ ಒಪ್ಪುತ್ತಾರಾ, ಡಾಕ್ಟರ್ ಬರೆದುಕೊಟ್ಟ ಚೀಟಿ ಬೇಕಾ ಅಂತ ಇಮೇಲ್‌ನಲ್ಲಿ ಕೇಳಿ. ಏಜೆಂಟ್ ಬಾಯಲ್ಲಿ ‘ಎಲ್ಲ ಬರುತ್ತೆ ಅಕ್ಕ’ ಅಂದದ್ದು ಕ್ಲೈಮ್ ದಿನ ಉಪಯೋಗಕ್ಕೆ ಬರುವುದಿಲ್ಲ. ಹೊಸ ಪಾಲಿಸಿ ಮಾಡಿಸುವಾಗ ಮಗುವಿನ ವಿಷಯ ಮುಚ್ಚಿಡಬೇಡಿ, ನಾಳೆ ಬೇರೆ ಕಾಯಿಲೆಯ ಕ್ಲೈಮ್ ಕೂಡ ಅದೇ ನೆಪದಲ್ಲಿ ಬೀಳಬಹುದು.

ಅಪ್ಪನೋ ಅಜ್ಜನೋ ಸೈನ್ಯದಲ್ಲಿದ್ದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಾಜಿ ಸೈನಿಕರ ಅವಲಂಬಿತ ಮಕ್ಕಳಿಗೆ ಇಸಿಎಚ್‌ಎಸ್ ಅನ್ನುವ ಆರೋಗ್ಯ ಯೋಜನೆ ಇದೆ. ಮೊದಲು ಪಾಲಿಕ್ಲಿನಿಕ್‌ಗೆ ಹೋಗಿ ಅಲ್ಲಿಂದ ಚೀಟಿ ಬರೆಸಿಕೊಳ್ಳಬೇಕು. ಮೊಮ್ಮಕ್ಕಳಿಗೆ ಸಾಮಾನ್ಯವಾಗಿ ಇಲ್ಲ, ಅಜ್ಜನ ಕಾರ್ಡ್ ಹಿಡಿದು ಹೋಗಿ ವಾಪಸ್ ಬಂದವರನ್ನು ಕಂಡಿದ್ದೇನೆ.

ಆಯುಷ್ಮಾನ್ ಕಾರ್ಡ್, ಅಂಗವಿಕಲರ ಕಾರ್ಡ್?

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಅದೂ ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ. ವಾರದ ಥೆರಪಿಗೆ ಅದನ್ನು ನಂಬಿ ಕೂರಬೇಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ. ಎಡಿಎಚ್‌ಡಿ ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಆದರೆ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಓದು-ಬರಹದ ತೊಂದರೆಯೂ ಜೊತೆಗಿರುತ್ತದೆ. ಅದನ್ನೂ ಪರೀಕ್ಷೆ ಮಾಡಿಸಿ. ಆ ಪ್ರಮಾಣಪತ್ರ ಇದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಕೇಳಬಹುದು. ಹತ್ತನೇ ಕ್ಲಾಸ್‌ನ ಜನವರಿಯಲ್ಲಿ ಎಚ್ಚರವಾದರೆ ಕೆಲಸವಾಗುವುದಿಲ್ಲ.

ಥೆರಪಿಸ್ಟ್ ನಿಜವಾಗಿ ಓದಿದವರು ಅಂತ ಹೇಗೆ ಗೊತ್ತಾಗೋದು?

ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿಕೊಂಡವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಆ ಪರಿಷತ್ತಿನ (ಆರ್‌ಸಿಐ) ನಂಬರ್ ಕೇಳಿ. ಸರಿಯಾದವರು ಬೇಸರ ಮಾಡಿಕೊಳ್ಳುವುದಿಲ್ಲ. ‘ಆರು ತಿಂಗಳಲ್ಲಿ ಪೂರ್ತಿ ವಾಸಿ’ ಅಂದರೆ ಎದ್ದು ಬನ್ನಿ. ಭಾಷೆಯನ್ನೂ ನೋಡಿ. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ ಮಲಯಾಳವೋ, ಶಾಲೆಯಲ್ಲಿ ಇಂಗ್ಲಿಷು. ಪರೀಕ್ಷೆ ಬರೀ ಇಂಗ್ಲಿಷಿನಲ್ಲಿ ಮಾಡಿದರೆ ಮಗು ದಡ್ಡನ ಹಾಗೆ ಕಾಣಬಹುದು.

ಶಾಲೆಗೆ ಹೇಳಬೇಕಾ? ಹಣೆಪಟ್ಟಿ ಹಚ್ಚಿಬಿಡ್ತಾರೆ ಅಂತ ಭಯ.

ಹಣೆಪಟ್ಟಿ ಈಗಾಗಲೇ ಇದೆ: ‘ಪೋಕರಿ’. ಅದಕ್ಕಿಂತ ಇದು ವಾಸಿ. ಇಡೀ ಶಾಲೆಗೆ ಹೇಳಬೇಡಿ, ಕ್ಲಾಸ್ ಟೀಚರಿಗೆ ಹೇಳಿ. ದೊಡ್ಡ ಬೇಡಿಕೆ ಇಡಬೇಡಿ. ಮುಂದಿನ ಬೆಂಚು, ಕಿಟಕಿಯಿಂದ ದೂರ, ಮಧ್ಯೆ ಮಧ್ಯೆ ಬೋರ್ಡ್ ಒರೆಸುವ ಕೆಲಸ, ಹೋಂವರ್ಕ್ ಬರೆದುಕೊಂಡನಾ ಅಂತ ಡೈರಿಗೆ ಒಂದು ಸಹಿ. 40 ಮಕ್ಕಳಿರುವ ಕ್ಲಾಸಿನಲ್ಲಿ ಇಷ್ಟು ಮಾಡಿದರೆ ಅವರಿಗೆ ಕೈ ಮುಗಿಯಬೇಕು.

ಹಾಕಿಗೆ ಹಾಕಿದ್ರೆ ಸರಿಹೋಗಲ್ವಾ? ಅಜ್ಜ ಅದನ್ನೇ ಹೇಳ್ತಾರೆ.

ಕೊಡಗಿನಲ್ಲಿ ಎಲ್ಲದಕ್ಕೂ ಹಾಕಿಯೇ ಔಷಧಿ! ಆಟ ಒಳ್ಳೆಯದು. ನಿದ್ದೆ ಬರುತ್ತದೆ, ಗೆಳೆಯರಾಗುತ್ತಾರೆ, ಮಗುವಿಗೆ ತಾನೂ ಏನೋ ಬಲ್ಲೆ ಅನಿಸುತ್ತದೆ. ಚಿಕಿತ್ಸೆಗೆ ಬದಲಿ ಅಲ್ಲ. ಅಜ್ಜನ ಹತ್ತಿರ ವಾದ ಮಾಡಬೇಡಿ, ಒಂದು ಸೆಷನ್‌ಗೆ ಕರೆದುಕೊಂಡು ಕೂರಿಸಿ. ನಮ್ಮ ಮಾವ ಬಂದು ಬಾಯಿ ಬಿಡದೆ ಕೂತರು. ವಾರದ ನಂತರ ನಾನು ಒಳಗಿನಿಂದ ಕೂಗಿದಾಗ “ಹತ್ತಿರ ಹೋಗಿ ಹೇಳು ಅಂದಿದ್ರಲ್ಲ” ಅಂತ ನನ್ನನ್ನೇ ತಿದ್ದಿದರು.

ದೊಡ್ಡವನಾದ ಮೇಲೆ ಹೋಗಿಬಿಡುತ್ತಾ?

ಓಡಾಟ ಕಡಿಮೆಯಾಗುತ್ತದೆ. ಮರೆವು, ಕೆಲಸ ಮುಂದೂಡುವುದು, ಸಮಯದ ಅಂದಾಜು ಸಿಗದಿರುವುದು ಅನೇಕರಿಗೆ ಉಳಿಯುತ್ತದೆ. ನಾವು ಮಗನ ಫಾರ್ಮ್ ತುಂಬುತ್ತಿದ್ದಾಗ ನನ್ನ ಗಂಡ ಪೆನ್ ಕೆಳಗಿಟ್ಟರು. ‘ಬೇರೆಯವರ ಮಾತು ಮುಗಿಯುವ ಮೊದಲೇ ಉತ್ತರ ಹೇಳುತ್ತಾನಾ’ ಅನ್ನುವ ಸಾಲನ್ನು ಎರಡು ಸಲ ಓದಿ, “ಇದು ನನ್ನದೇ ಕಥೆ ಅಲ್ವಾ” ಅಂದರು. ದೊಡ್ಡವರಿಗೂ ಪರೀಕ್ಷೆ, ಚಿಕಿತ್ಸೆ ಎರಡೂ ಇವೆ. ಅವರು ಅಪಾಯಿಂಟ್‌ಮೆಂಟ್ ತೆಗೆದುಕೊಂಡರು. ಹೋಗುವ ದಿನ ಮರೆತರು. ಎರಡನೇ ಸಲಕ್ಕೆ ಮಗನೇ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕಿ, ಹಿಂದಿನ ರಾತ್ರಿ ಅಪ್ಪನ ಹೆಗಲು ಮುಟ್ಟಿ ಒಂದೇ ಮಾತು ಹೇಳಿದ: “ನಾಳೆ 10 ಗಂಟೆಗೆ.”